ಕ್ಯಾಪ್ಟನ್ನರ ಭುಜಕೀರ್ತಿ

ಚಕ್ರವರ್ತಿಯ ಯುದ್ಧಗಳು ಮುಗಿದ ಮೇಲೆ ಲಿಯೋನ್ ಪಟ್ಟಣದಲ್ಲಿ ಸೇನಾಧಿಕಾರಿಗಳ ಭುಜಕೀರ್ತಿಗಳನ್ನು ಕೇಳುವವರೇ ಇಲ್ಲವಾದರು. ಅವನ್ನು ಹೆಣೆಯುತ್ತಲೇ ಪ್ರಾಯ ಕಳೆದಿದ್ದ ವಿಧವೆ ಬ್ಲಾಂದಿನ್ ಈಗ ಸಿರಿವಂತ ಹೆಂಗಸರ ಗೌನುಗಳ ಹೆಗಲಿಗೆ ಜರಿ ಹೊಲಿಯುತ್ತಿದ್ದಳು.

ಆ ವಸಂತದಲ್ಲಿ ಮುದಿ ಕ್ಯಾಪ್ಟನ್ ಆಂಥೆಲ್ಮ್ ತಮ್ಮ ಭುಜಕೀರ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಬಿಚ್ಚಿ, ಆ ಚಿನ್ನದ ಎಳೆಗಳನ್ನು ಮಗಳು ಫಿಲಿಬೆರ್ತಳ ಮದುವೆಯ ಗೌನಿಗೆ ಹಾಕಬೇಕು ಎಂದರು.

ಅವರು ಹೋದ ಮೇಲೆ ಬ್ಲಾಂದಿನ್ ಕತ್ತರಿ ಹಿಡಿದಳು, ಕೆಳಗಿಟ್ಟಳು. ಎಡಗಡೆಯದಕ್ಕೆ ತುಂಬು ಕುಚ್ಚು, ಬಲಗಡೆಯದು ಬೋಳು. ಕ್ಯಾಪ್ಟನ್ ದರ್ಜೆಯವರಿಗೆ ಸಲ್ಲುತ್ತಿದ್ದುದು ಒಂದೇ ಕುಚ್ಚು. ಇಷ್ಟು ವರ್ಷ ಎಷ್ಟೋ ಹೆಗಲುಗಳಿಗೆ ಮಾಡಿಕೊಟ್ಟಿದ್ದರೂ ತನ್ನ ಹೆಗಲ ಮೇಲೆ ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಎರಡನ್ನೂ ಪಿನ್ನು ಚುಚ್ಚಿ ಸಿಕ್ಕಿಸಿಕೊಂಡು ಕನ್ನಡಿಯ ಮುಂದೆ ನಿಂತಳು. ಹೊರಗೆ ಸೋನ್ ನದಿಯ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಕೋಣೆಯ ಚಾವಣಿಯಲ್ಲಿ ತೇಲಾಡುತ್ತಿತ್ತು. ಅವಳು ಉಸಿರೆಳೆದಾಗ ಕುಚ್ಚೂ ಮೆಲ್ಲಗೆ ಉಸಿರಾಡಿತು. ಕೋಣೆ, ಮೇಜು, ಸೂಜಿಗಳು ಎಲ್ಲ ದೂರ ಸರಿದವು. ನೀರಿನ ಮೇಲೆ ನಡೆಯುತ್ತಿರುವಂತೆ, ದೋಣಿಗಳೆಲ್ಲ ಬದಿಗೆ ಸರಿದು ದಾರಿ ಬಿಟ್ಟಂತೆ ಅನಿಸಿತು.

"ಅಪ್ಪಣೆಯಾಗ್ಲಿ, ಕರ್ನಲ್ ಸಾಹೇಬ್ರೆ."

ಬಾಗಿಲಲ್ಲಿ ಕ್ಯಾಪ್ಟನ್ನರು ನಿಂತಿದ್ದರು. ಬ್ಲಾಂದಿನ್‌ಳ ಮುಖ ಕೆಂಪಾಯಿತು.

"ತಪ್ಪಾಯ್ತು, ಸಾಹೇಬ್ರೆ. ಈಗ್ಲೇ ತೆಗೀತೀನಿ."

"ತೆಗೀಬೇಡವ್ವಾ. ಸ್ವಲ್ಪ ಆ ಕಡೆ ತಿರುಗು."

ಅವಳು ತಿರುಗಿದಳು. ಕುಚ್ಚು ಹೊಳೆದು ತೂಗಿತು. ಅವರು ಕುರ್ಚಿ ಎಳೆದುಕೊಂಡು ಕುಳಿತರು.

"ನಿಜ ಹೇಳ್ಬೇಕಂದ್ರೆ, ಕತ್ತರಿಸ್ಬೇಡ, ವಾಪಸ್ ಕೊಡು ಅನ್ನೋಕೆ ಬಂದಿದ್ದೆ. ಮನಸ್ಸು ತಡೀಲಿಲ್ಲ."

"ಹಾಗಿದ್ರೆ ತಗೊಂಡು ಹೋಗಿ. ನಾನಿನ್ನೂ ಮುಟ್ಟಿಲ್ಲ."

"ಮುಟ್ಟಿಲ್ಲ, ಹಾಕ್ಕೊಂಡಿದೀಯ ಅಷ್ಟೇ," ಎಂದು ನಕ್ಕರು. ಆಮೇಲೆ ದನಿ ಇಳಿಸಿದರು. "ಇಷ್ಟು ವರ್ಷ ಹೊತ್ತೆ. ಇದು ಹೀಗೆ ಅಲುಗಾಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನನ್ನ ಹೆಗಲು ನಂಗೆಲ್ಲಿ ಕಾಣ್ಬೇಕು? ಕತ್ತರಿಸವ್ವಾ. ಮಗಳ ಹೆಗಲ ಮೇಲೆ ನೋಡ್ತೀನಿ."

ಬ್ಲಾಂದಿನ್ ಒಂದೇ ಕುಚ್ಚನ್ನು ಎರಡು ಪಾಲು ಮಾಡಿ ಎರಡು ಹೆಗಲಿಗೂ ಹಂಚಿದಳು. ಎಳೆಗಳು ವಿರಳವಾದವು, ಹಗುರವಾದವು.

ಮದುವೆಯ ದಿನ ತೋಟದಲ್ಲಿ ಪಿಟೀಲು ನುಡಿಯಿತು. ಫಿಲಿಬೆರ್ತ ಗಂಡನ ಕೈಹಿಡಿದು ಸುತ್ತಿದಾಗಲೆಲ್ಲ ಹೆಗಲಿಂದ ಚಿನ್ನದ ಮಳೆ ಚಿಮ್ಮುತ್ತಿತ್ತು. ಮಿಕ್ಕವರೆಲ್ಲ ಮದುಮಗಳ ಮುಖ ನೋಡುತ್ತಿದ್ದರೆ, ಕ್ಯಾಪ್ಟನ್ನರು ಮಾತ್ರ ಅವಳ ಬೆನ್ನ ಹಿಂದೆಯೇ ಸುತ್ತುತ್ತ, ಅಡ್ಡ ಬಂದವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದರು.

"ಅಪ್ಪಾ, ಎದುರಿಗೆ ಬಾರಪ್ಪಾ," ಎಂದಳು ಮಗಳು.

"ಇರು ಮಗಳೇ, ಇನ್ನೊಂದು ಸುತ್ತು ಹಾಕು," ಎಂದರು ಅವರು.