ಒಂದೇ ಗುಂಡಿಯ ಓವನ್

ಕಣ್ಣು ಮಂಜಾದ ಮೇಲೆ ಅತ್ತೆಗೆ ಉಳಿದಿದ್ದ ಆಸೆ ಒಂದೇ. ತನ್ನ ಹಾಲನ್ನು ಯಾರನ್ನೂ ಕೂಗದೆ ತಾನೇ ಬಿಸಿ ಮಾಡಿಕೊಳ್ಳಬೇಕು. ಗ್ಯಾಸ್ ಹಚ್ಚಲು ಸೊಸೆ ಬಿಡುತ್ತಿರಲಿಲ್ಲ. ಅದಕ್ಕೇ ಇಬ್ಬರೂ ಮೈಕ್ರೋವೇವ್ ಓವನ್ ಕೊಳ್ಳಲು ಅಂಗಡಿಗೆ ಬಂದಿದ್ದರು.

ಹೊಳೆಯುವ ಓವನ್‌ಗಳ ಮೇಲೆ ಅತ್ತೆ ಬೆರಳಾಡಿಸಿದರು. "ಎಲ್ಲಾ ನುಣ್ಣಗಿದೆ. ಎಲ್ಲಿ ಒತ್ತೋದು ಅಂತ ಬೆರಳಿಗೆ ಹೇಗಪ್ಪಾ ಗೊತ್ತಾಗ್ಬೇಕು?"

ಮೂಲೆಯಲ್ಲಿ ದಪ್ಪ ಸ್ಟೀಲಿನದೊಂದು ಕೂತಿತ್ತು. ಅದರ ಮುಂದೆ ಇದ್ದದ್ದು ತಿರುಗಿಸುವ ಒಂದೇ ದೊಡ್ಡ ಗುಂಡಿ.

"ಅದು ಹೋಟೆಲಿನವರಿಗೆ, ಅಜ್ಜಿ. ದಿನವಿಡೀ ಬಾಗಿಲು ಬಡಿದ್ರೂ ಜಗ್ಗಲ್ಲ" ಎಂದ ಅಂಗಡಿಯವನು.

"ಹಾಗಾದ್ರೆ ನಮ್ಮನೆಗೇ ಸರಿ. ನನ್ನ ಸೊಸೆ ಬಾಗಿಲು ಹಾಕೋದನ್ನ ನೀನು ಕೇಳಿಲ್ಲ."

"ಅತ್ತೇ!" ಎಂದು ಸೊಸೆ ನಕ್ಕಳು.

ಅಂಗಡಿಯವನು ಒಳಗೊಂದು ಕಪ್ ನೀರಿಟ್ಟ. ಅತ್ತೆ ಗುಂಡಿ ತಿರುಗಿಸಿ, ಗುಂಯ್‌ಗುಟ್ಟುವ ಓವನ್ನಿನ ಪಕ್ಕಕ್ಕೆ ಅಂಗೈ ಆನಿಸಿದರು. ಸಣ್ಣ ನಡುಕ, ತುಸು ಬಿಸುಪು. ಅಂಗಡಿ ಮೆಲ್ಲಗೆ ದೂರ ಸರಿಯಿತು. ಬೆಳಗಿನ ಕೊಟ್ಟಿಗೆಯಲ್ಲಿ, ಮೆಲುಕು ಹಾಕುವ ಹಸುವಿನ ಹೊಟ್ಟೆಗೆ ಹಣೆಯಾನಿಸಿ ಹಾಲು ಕರೆಯುವ ಹುಡುಗಿಯಾಗಿದ್ದರು ಅವರು. ಟಿಣ್ ಎಂದಾಗ, ಹಾಲು ಕರೆದು ಮುಗಿಸಿದವರಂತೆ ಓವನ್ನಿನ ಬೆನ್ನು ತಟ್ಟಿ, "ಸಾಕು ತಾಯಿ" ಎಂದರು.

ಅಂಗಡಿಯವನು ತಬ್ಬಿಬ್ಬಾದ. "ಇದನ್ನೇ ಕೊಡಿ" ಎಂದಳು ಸೊಸೆ.

ಮರುದಿನ ಮಧ್ಯಾಹ್ನ ಹಾಲು ಬಿಸಿ ಮಾಡಲೆಂದು ಸೊಸೆ ಏಳುವಷ್ಟರಲ್ಲಿ ಅಡುಗೆಮನೆಯಿಂದ ಗುಂಯ್ ಎಂಬ ಸದ್ದು ಬಂತು. ಅವಳು ಮತ್ತೆ ಕೂತಳು. ಟಿಣ್ ಎಂದಿತು. ಬೆನ್ನು ತಟ್ಟಿದ್ದೂ ಕೇಳಿಸಿತು.

"ನಿಂಗೂ ಒಂದು ಕಪ್ ಮಾಡ್ಲೇನೇ?" ಎಂದು ಅತ್ತೆ ಒಳಗಿಂದ ಕೂಗಿದರು.