ತೆಗೆದುಹಾಕಿದ ಬಣ್ಣ

ಪರದೆಯ ಮೇಲೆ ಕಸ್ತೂರಿಯ ಮುಖದ ಸುತ್ತ ಹಸಿರು ಚೌಕಟ್ಟು. ಹಸಿರೆಂದರೆ ಆರಾಮ. ನಿನ್ನೆ ಮಧ್ಯಾಹ್ನದ ಚಿತ್ರ ಅದು. ವಿಜಯಲಕ್ಷ್ಮಿ ಅದನ್ನು ಹಿಂದೆ ಓಡಿಸಿದಳು, ಮುಂದೆ ಓಡಿಸಿದಳು, ಮತ್ತೆ ಹಿಂದೆ ಓಡಿಸಿದಳು. ಹೆರಿಗೆ ವಾರ್ಡಿನ ಮೂಲೆಯ ಮಂಚದಲ್ಲಿ ಅವಳ ತಂಗಿ, ಬಾಣಂತಿಗೆ ಗಾಳಿ ಹೊಗಬಾರದೆಂದು ತಲೆ ಕಿವಿ ಬಿಗಿದು ಕಟ್ಟಿದ ಬಟ್ಟೆಯ ಚುಂಗನ್ನು ಹಲ್ಲಿಗೆ ಕಚ್ಚಿಕೊಂಡು ಮಲಗಿದ್ದಳು. ಊಟದ ಹೊತ್ತಿಗೂ ಹಸಿರು, ಚಹಾದ ಹೊತ್ತಿಗೂ ಹಸಿರು. ಅಷ್ಟೂ ಹೊತ್ತು ಸಿಸೇರಿಯನ್ ಆದ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು.

ಹಾಸಿಗೆ ಬದಲಿಸಲು ಬಂದ ಆಯಾ ಕಸ್ತೂರಿಯ ಕೈ ಮುಟ್ಟಿ, ಅದು ತಣ್ಣಗಿದ್ದುದನ್ನು ಕಂಡು ಕೂಗಿಕೊಂಡಿದ್ದರಿಂದ ಜೀವ ಉಳಿಯಿತು. ಗರ್ಭಕೋಶ ಉಳಿಯಲಿಲ್ಲ. ಇನ್ನೂ ಇಪ್ಪತ್ತೈದು ತುಂಬದ ಹುಡುಗಿ. ಇದೇ ಮೊದಲ ಕೂಸು, ಇನ್ನು ಇದೇ ಕೊನೆಯದು.

ಮುಖ ನೋಡಿ ನೋವು, ಭಯ, ಸಿಟ್ಟು, ದುಃಖ ಗುರುತಿಸುವ ಆ ಯಂತ್ರ ವಿಜಯಲಕ್ಷ್ಮಿಯದೇ. ಮಮದಾಪುರದ ಕುರುಬರ ಮನೆಯ ಹುಡುಗಿ, ಮದುವೆಯನ್ನೂ ಮುಂದೂಡಿ, ಹಗಲು ರಾತ್ರಿ ಕೂತು ಕಟ್ಟಿದ್ದು. ಬೆಳಗಾವಿಯಲ್ಲಿ ಅವಳ ಕಂಪನಿ. ಮನಸ್ಸು ಓದುವ ಮಗಳು ಎಂದು ಪೇಪರಿನವರು ಬರೆದಾಗ ಊರಲ್ಲಿ ಪೇಡೆ ಹಂಚಿದ್ದರು. ಕೌಜಲಗಿಯ ಸೊಸೆಯಾದ ಕಸ್ತೂರಿ, ಹತ್ತಿರದ ಮೂಡಲಗಿ ಬಿಟ್ಟು ಗೋಕಾಕದ ಈ ಆಸ್ಪತ್ರೆಗೇ ಹಟ ಹಿಡಿದು ಬಂದಿದ್ದಳು. ಅಕ್ಕನ ಮಷೀನ್ ಇದ್ದಲ್ಲಿ ತನಗೇನು ಭಯ ಎಂದಿದ್ದಳಂತೆ. ಅದನ್ನು ನೆನೆದಾಗಲೆಲ್ಲ ವಿಜಯಲಕ್ಷ್ಮಿಗೆ ಎದುರಿಗಿದ್ದ ಪರದೆಯನ್ನು ಒಡೆದು ಚೂರು ಮಾಡಬೇಕೆನಿಸುತ್ತಿತ್ತು.

"ಹಿಂಗ ಸಿಟ್ಟ ಮಾಡಿಕೊಂಡ್ರ ಹೆಂಗ್ರಿ ಮೇಡಂ?" ಎಂದರು ತಮ್ಮ ಕೋಣೆಯಲ್ಲಿ ಅವಳ ಎದುರಿಗೆ ಕೂತಿದ್ದ ಆಸ್ಪತ್ರೆಯ ಮಾಲೀಕ ಡಾಕ್ಟರ್ ಮಹಾಂತೇಶ. ಬೆಳಿಗ್ಗೆಯಿಂದ ಇದೇ ರಾಗ. "ನಿಮ್ಮ ಮಷೀನ ಆರಾಮ ಅಂದೈತಿ. ನಮ್ಮ ಸಿಸ್ಟರ್ ಏನ ಮಾಡಬೇಕ್ರಿ ಪಾಪ?"

"ಮಂಚದ ಹತ್ರ ಹೋಗಿ ನೋಡಬೇಕಿತ್ತರಿ. ಮದ್ಲ ಇದ ವಾರ್ಡಿಗೆ ಮೂರ ಮಂದಿ ಇದ್ರಲ್ಲ, ಅವರೆಲ್ಲಿ?"

"ಮಷೀನ್ ಹಾಕಿದ್ರ ಒಬ್ಬಾಕಿ ಸಾಕು ಅಂದಾವ್ರು ನೀವರಿ."

ಅಂದಿದ್ದಳು. ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, ನಗುತ್ತ ಅಂದಿದ್ದಳು. ಈಗ ಆ ನಗು ನೆನಪಾಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಂತಾಯಿತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೊದಲು ಯಂತ್ರಕ್ಕೆ ಬೂದು ಬಣ್ಣವೂ ಇತ್ತು. ಮುಖ ಸರಿಯಾಗಿ ಕಾಣದಿದ್ದರೆ ಚೌಕಟ್ಟು ಬೂದು ಬಣ್ಣಕ್ಕೆ ತಿರುಗಬೇಕು. ನನಗೆ ಗೊತ್ತಾಗುತ್ತಿಲ್ಲ, ಹೋಗಿ ನೋಡಿ ಎಂದು ಅದರ ಅರ್ಥ. ಪ್ರಯೋಗಾಲಯದಲ್ಲಿ ಎಲ್ಲ ತೆರೆದ ಮುಖಗಳು, ಬೂದು ಬರುತ್ತಲೇ ಇರಲಿಲ್ಲ. ಗೋಕಾಕಕ್ಕೆ ಬಂದದ್ದೇ ತಡ, ಬಟ್ಟೆ ಕಟ್ಟಿ ಚುಂಗಿನಿಂದ ಬಾಯಿ ಮುಚ್ಚಿಕೊಂಡ ಬಾಣಂತಿಯರಿಂದ ಇಡೀ ವಾರ್ಡು ಬೂದು ಬಣ್ಣವಾಯಿತು. ನರ್ಸುಗಳು ಮಂಚದಿಂದ ಮಂಚಕ್ಕೆ ಓಡಾಡಿ ಸುಸ್ತಾದರು. ನಿಮ್ಮ ಮಷೀನಿಗೆ ಏನೂ ಗೊತ್ತಿಲ್ಲವೇ, ಜನ ನಗುತ್ತಾರೆ, ಆ ಬಣ್ಣ ತೆಗೆಯಿರಿ ಎಂದು ಡಾಕ್ಟರು ಫೋನು ಮಾಡಿದರು. ಅವಳು ತೆಗೆದಳು. ಮುಖ ಕಾಣದಾಗ ಕೊನೆಗೆ ಕಂಡ ಬಣ್ಣವನ್ನೇ ಹಿಡಿದಿಟ್ಟುಕೋ ಎಂದು ಯಂತ್ರಕ್ಕೆ ಹೇಳಿಕೊಟ್ಟಳು. ಬಾಣಂತಿ ತಲೆಗೆ ಬಟ್ಟೆ ಕಟ್ಟುತ್ತಾಳೆಂಬುದು ಎಲ್ಲಿಯವರಿಗೋ ಗೊತ್ತಿರದಿದ್ದರೆ ನಡೆದೀತು, ಮಮದಾಪುರದವಳಿಗೆ?

ಬಟ್ಟೆಯ ಚುಂಗು ಬಾಯಿಗೆ ಹೋಗುವ ಮುಂಚೆ ಕಸ್ತೂರಿ ಕೂಸಿನ ನೆತ್ತಿ ಮೂಸಿ ನಕ್ಕಿದ್ದಳು. ಯಂತ್ರ ಆ ನಗುವನ್ನು ಸಂಜೆಯವರೆಗೆ ಹಿಡಿದಿಟ್ಟಿತ್ತು.

"ನೋಡ್ರಿ," ಡಾಕ್ಟರು ದನಿ ತಗ್ಗಿಸಿದರು. "ನಾಳಿಗೆ ನಮ್ಮ ಹುಕ್ಕೇರಿ ದವಾಖಾನಿಯೊಳಗ ಮಷೀನ್ ಚಾಲೂ ಮಾಡೂದೈತಿ. ಮಂದಿನ್ನ ಕರದೇನಿ. ಇದು ನಿಮ್ಮ ಮನಿ ಮಾತು. ಇಲ್ಲಿಗೆ ಬಿಟ್ಟಬಿಡೂಣು."

"ಮನಿ ಮಾತ?" ವಿಜಯಲಕ್ಷ್ಮಿ ಎದ್ದು ನಿಂತಳು. "ಆ ಮಂಚದ ಮ್ಯಾಲ ನನ್ನ ತಂಗಿ ಇರಲಾರದ ಬ್ಯಾರೇದಾಕಿ ಇದ್ದಿದ್ರ ನೀವು ನನಗ ಫೋನರ ಮಾಡತಿದ್ರೇನ್ರಿ?"

ಅವಳು ಮೇಜಿನ ಹಿಂದೆ ಬಗ್ಗಿ, ಗೋಡೆಯಿಂದ ತಂತಿಗಳನ್ನು ಒಂದೊಂದಾಗಿ ಕಿತ್ತಳು. ಪರದೆ ಕಪ್ಪಾಯಿತು.

"ಹುಕ್ಕೇರಿನೂ ಇಲ್ಲ, ಇಲ್ಲೂ ಇಲ್ಲ."

"ನಿಮ್ಮ ಕಂಪನಿ ಮುಳಗತೈತ್ರಿ ಮೇಡಂ."

"ಮುಳಗಲಿ. ಯಾಕ ಮುಳಗಿತು ಅಂತ ನಾನ ನಾಕ ಮಂದಿ ಮುಂದ ನಿಂತ ಹೇಳತೇನಿ. ಇಡೀ ವಾರ್ಡಿಗೆ ನೀವು ಒಬ್ಬಾಕಿನ್ನ ಇಟ್ಟದ್ದನ್ನೂ ಹೇಳತೇನಿ."

ಬಾಗಿಲು ಧಡಾರನೆ ಬಡಿದು ಅವಳು ವಾರ್ಡಿಗೆ ನಡೆದಳು. ಎದೆಯಲ್ಲಿ ಒಂದು ಬಗೆಯ ಹಗುರವಿತ್ತು. ಇಷ್ಟು ದೊಡ್ಡದನ್ನು ಕಳೆದುಕೊಂಡು ಬಂದಿದ್ದೇನೆ, ತಂಗಿಗೆ ಹೇಳಬೇಕು ಎಂದುಕೊಂಡಳು.

ಮೂಲೆಯ ಮಂಚದ ಪಕ್ಕದಲ್ಲಿ ಅವ್ವ ಹಣಮವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಜೂ ಮಂಚದವಳಿಗೆ ಹೇಳುತ್ತಿದ್ದಳು. "ನಮ್ಮ ಮನಿ ಹೆಣ್ಮಕ್ಕಳು ಎಂಥಾ ಬ್ಯಾನಿ ಬಂದ್ರೂ ಬಾಯಿ ಬಿಡೂದಿಲ್ಲವಾ. ಇಕಿ ಅಕ್ಕನ್ನ ನಾ ಕುರಿ ಹಟ್ಟ್ಯಾಗ ಹಡದೆ, ಬಾಜೂ ಗುಡಸಲದವರಿಗೆ ಗೊತ್ತಾಗಿದ್ದಿಲ್ಲ."

ವಿಜಯಲಕ್ಷ್ಮಿ ಸ್ಟೂಲು ಎಳೆದು ಕೂತಳು. "ಕಸ್ತೂರಿ, ಮಷೀನ್ ಬಂದ್ ಮಾಡಿ ಬಂದೇನಿ. ಹುಕ್ಕೇರಿಗೂ ಇಲ್ಲ ಅಂದೇನಿ. ಇನ್ನ ಮ್ಯಾಲ ಯಾರಿಗೂ ಹಿಂಗ ಆಗೂದಿಲ್ಲ."

ಕಸ್ತೂರಿ ಸೂರು ನೋಡುತ್ತ ಮಲಗಿದ್ದಳು. ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು.

"ನನಗ್ಯಾಕ ಹೇಳತೀ?"

"ಅಲ್ಲ, ನಿನಗ..."

"ಮುಂಜಾನಿ ಬಂದಿ. ಸೀದಾ ಹೋಗಿ ಆ ಟಿವಿ ಮುಂದ ಕುಂತಿ. ನಿನ್ನಿ ನನ್ನ ಮಾರಿ ಹೆಂಗಿತ್ತು ಅಂತ ಅಲ್ಲೆ ನೋಡಾಕತ್ತಿದ್ದಿ. ನಾ ಇಲ್ಲೆ ಇದ್ನೆಲ್ಲ ಅಕ್ಕಾ. ಹೆಂಗ ಅದಿ ಅಂತ ಒಂದ ಮಾತ ಕೇಳಿದೇನ?"

ವಿಜಯಲಕ್ಷ್ಮಿಯ ಮುಖಕ್ಕೆ ನೀರು ಎರಚಿದಂತಾಯಿತು. ಕೇಳಿರಲಿಲ್ಲ. ಹಣೆ ಮುಟ್ಟಿ, ಬಂದೆ ಎಂದು ಹೇಳಿ ಹೋದವಳು ಹೊತ್ತೇರುವವರೆಗೆ ಇತ್ತ ತಲೆ ಹಾಕಿರಲಿಲ್ಲ.

"ಹೆಂಗ ಅದಿ?" ಎಂದಳು.

"ಸಿಟ್ಟ ಬಂದೈತಿ. ಮೈಯೆಲ್ಲಾ ಉರಿಯಾಕತ್ತೈತಿ. ಆ ಡಾಕ್ಟರನ ಮ್ಯಾಲ, ನಿನ್ನ ಮ್ಯಾಲ. ಈ ಅವ್ವನ ಮ್ಯಾಲೂ."

"ನಾ ಏನ ಮಾಡೇನವಾ?" ಹಣಮವ್ವ ಗಾಬರಿಯಾದಳು.

"ನಿನ್ನಿ ಮಧ್ಯಾನ್ಹ ತಡಕೊಳ್ಳಾಕ ಆಗಲಾರದ ಚೀರಾಕ ಹ್ವಾದೆ. ಮಂದಿ ಏನ ಅಂದಾರು, ಹಲ್ಲ ಕಚ್ಚ ಅಂದಿ. ಈ ಬಟ್ಟಿ ನನ್ನ ಬಾಯಾಗ ತುರುಕಿದಾಕಿ ನೀನ."

"ಸಾವಕಾಶ ಮಾತಾಡ ನಮ್ಮವ್ವ. ಎಲ್ಲಾರೂ ನೋಡಾಕತ್ತಾರ."

"ನೋಡಲಿ!"

ಕಸ್ತೂರಿ ತಲೆಯ ಬಟ್ಟೆ ಕಿತ್ತು ನೆಲಕ್ಕೆ ಎಸೆದಳು. ಆ ಎಳೆತಕ್ಕೆ ಹೊಲಿಗೆ ಜಗ್ಗಿತೋ ಏನೋ, ಬಾಯಿ ತೆರೆದು ಚೀರಿದಳು. "ಯವ್ವಾ!" ಎಂದು ಚೀರಿದಳು. ಮತ್ತೊಮ್ಮೆ ಚೀರಿದಳು. ತಿಂಗಳು ತುಂಬಿದಂದಿನಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು. ಕೂಸು ಬೆಚ್ಚಿ ಅಳತೊಡಗಿತು. ಆಚೀಚೆ ಮಂಚದವರು ಎದ್ದು ಕೂತರು. ಹಣಮವ್ವನ ಕೈ ಅಭ್ಯಾಸಬಲದಿಂದ ಮಗಳ ಬಾಯಿಯ ಕಡೆಗೆ ಎದ್ದಿತು, ಅರ್ಧದಲ್ಲಿ ನಿಂತಿತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆ ಮುದುಕಿ ತನ್ನ ಬಾಯಿಯ ಮೇಲೆಯೇ ಇಟ್ಟುಕೊಂಡಳು.

ಹೊರಗೆ ಚಪ್ಪಲಿಯ ಸದ್ದಾಯಿತು. ವಾರ್ಡಿಗೆ ಒಬ್ಬಳೇ ಇದ್ದ ನರ್ಸ್ ಶೋಭಾ ಏದುಸಿರು ಬಿಡುತ್ತ ಓಡಿ ಬಂದಳು, ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ.

"ಎಲ್ಲೆ ತಂಗಿ? ಎಲ್ಲೆ ನೋವ ಆಗಾಕತ್ತೈತಿ?"

ಕಸ್ತೂರಿ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಶೋಭಾಳಿಗೆ ಮಂಚಕ್ಕೆ ಒತ್ತಿ ನಿಲ್ಲಲು ಜಾಗ ಸಾಲಲಿಲ್ಲ. ವಿಜಯಲಕ್ಷ್ಮಿ ಎದ್ದು, ಸ್ಟೂಲು ಎತ್ತಿಕೊಂಡು ಹಿಂದಕ್ಕೆ ಸರಿದಳು.