ಪರದೆ ಇಳಿಸಿದ ಮಾತು

ಒಂದು ಕಡೆ ಕಾಲೂರಿ ನಿಲ್ಲುವವಳಲ್ಲವೆಂದು ಅಣ್ಣ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದ. ಮೂವತ್ತೊಂದು ತುಂಬಿದರೂ ಆ ಹೆಸರು ಬೆನ್ನು ಬಿಟ್ಟಿರಲಿಲ್ಲ. ಔಷಧಿ ಅಂಗಡಿಯಲ್ಲಿ ಏಳು ತಿಂಗಳು, ಹೊಲಿಗೆ ಕಾರ್ಖಾನೆಯಲ್ಲಿ ನಾಲ್ಕು, ಶಾಲೆಯೊಂದರ ಕಚೇರಿಯಲ್ಲಿ ಎರಡೂವರೆ ಕಳೆದು ಈಗ ರಂಗಮಂದಿರದ ಹಿಂಬದಿಗೆ ಸಹಾಯಕಿಯಾಗಿ ಬಂದಿದ್ದಳು. ಒಂದು ವಾರದ ಪರೀಕ್ಷೆ. ಇಂದಿನ ಕೊನೆಯ ತಾಲೀಮೂ ಮಧ್ಯಾಹ್ನ ಮೂರಕ್ಕಿರುವ ಪ್ರದರ್ಶನವೂ ಸುಸೂತ್ರವಾಗಿ ಮುಗಿದರೆ ಕೆಲಸ ಕಾಯಂ.

"ಇದಕ್ಕೆಷ್ಟು ತಿಂಗಳು ಆಯಸ್ಸು?" ಎಂದು ಬೆಳಿಗ್ಗೆ ಅಣ್ಣ ಕೆಣಕಿದ್ದ.

"ಒಂದೇ ಕಡೆ ಅಂಟ್ಕೊಂಡಿರೋಕೆ ನಾನೇನು ಅಂಚೆ ಚೀಟಿನಾ, ಬಿಡು."

ಮಾತಿಗೊಮ್ಮೆ 'ಬಿಡು' ಎನ್ನುವುದು ಅವಳ ಚಾಳಿ. ಅದೇ ಇಲ್ಲಿ ಕುತ್ತಿಗೆಗೆ ಬಂದಿತ್ತು. ರಂಗದ ಹಿಂಬದಿಯನ್ನು ನಡೆಸುವ ಮೇಡಂ ಮೊದಲ ದಿನವೇ ಅವಳ ತಲೆಗೆ ಹೆಡ್‌ಫೋನ್ ಸಿಕ್ಕಿಸಿ ಹೇಳಿದ್ದರು: "ಇದರಲ್ಲಿ ಆಡಿದ್ದು ಹಿಂಬದಿಯವರಿಗೆಲ್ಲ ಕೇಳತ್ತೆ. ಇಲ್ಲಿ 'ಬಿಡು' ಅನ್ನೋದು ಮಾತಲ್ಲ, ಆಜ್ಞೆ. 'ತಯಾರು' ಅಂದ್ರೆ ಕೈ ಹಗ್ಗದ ಮೇಲೆ. 'ಬಿಡು' ಅಂದ್ರೆ ಪರದೆ ಕೆಳಗೆ. ಬೇರೆ ಯಾವುದಕ್ಕೂ ಆ ಪದ ಬಾಯಿಗೆ ಬರಕೂಡದು."

ಆರು ದಿನ ಅವಳು ನಾಲಿಗೆಯನ್ನು ಕಟ್ಟಿಹಾಕಿದ್ದಳು. ಏಳನೆಯ ದಿನ, ತಾಲೀಮಿನ ಎರಡನೆಯ ಅಂಕ ಮುಗಿಯುತ್ತ ಬಂದಿತ್ತು. ಮೇಡಂ 'ತಯಾರು' ಎಂದು ಹೇಳಿ, ಹೆಡ್‌ಫೋನನ್ನು ಕೊರಳಿಗಿಳಿಸಿಕೊಂಡು ನಿರ್ದೇಶಕರ ಕಡೆಗೆ ತಿರುಗಿದ್ದರು. ಅಷ್ಟರಲ್ಲಿ ಮೇಲಿನ ಉಡುಪಿನ ಕೋಣೆಯಿಂದ ದರ್ಜಿಯ ದನಿ ಹೆಡ್‌ಫೋನಿನಲ್ಲಿ ಅವಳ ಕಿವಿಗೆ ಬಿತ್ತು: "ನ್ಯಾಯಾಧೀಶರ ಕೋಟಿಗೆ ಒಂದು ಗುಂಡಿ ಕಮ್ಮಿ ಇದೆ."

"ಅಷ್ಟು ದೂರದಿಂದ ಯಾರಿಗೆ ಕಾಣತ್ತೆ, ಬಿಡು."

ಪರದೆ ದಡಬಡನೆ ಇಳಿಯಿತು. ನಾಯಕಿಯ ಮುಂದೆ ಮಂಡಿಯೂರಿದ್ದ ನಾಯಕನ ತಲೆ ಹೊರಗೆ, ಕಾಲು ಒಳಗೆ.

"ಬಿಡು ಅಂತ ಕೇಳಿಸ್ತು, ಬಿಟ್ಟೆ ಮೇಡಂ," ಎಂದ ಹಗ್ಗದಣ್ಣ. ಇಪ್ಪತ್ತು ವರ್ಷದಿಂದ ಆ ಪರದೆ ಅವನ ಕೈಯಲ್ಲೇ ಇತ್ತು.

"ನಾನು ಹಾಗೆ ಅನ್ನಲೇ ಇಲ್ಲ. ಕಿವಿ ತೋರಿಸ್ಕೋ ಅಂತ ಹೋದ ತಿಂಗಳೇ ಹೇಳಿದ್ದೆ. ಇನ್ನು ನಿನ್ನನ್ನ ನಂಬಿ ಪರದೆ ಹೇಗೆ ಕೊಡಲಿ?"

"ಇರಬಹುದು," ಎಂದು ಹಗ್ಗದಣ್ಣ ತಗ್ಗಿದ ದನಿಯಲ್ಲಿ ಒಪ್ಪಿಕೊಂಡ.

ಬುಗುರಿಯ ಎಡಕ್ಕೆ ಹಿಂಬಾಗಿಲು ಹಾರುಹೊಡೆದಿತ್ತು. ಆಚೆ ಬಿಸಿಲು, ಓಣಿ, ಹಲಗೆ ಇಳಿಸುತ್ತಿದ್ದ ವ್ಯಾನು. ಹಿಂದಿನ ಮೂರು ಕೆಲಸಗಳಿಂದಲೂ ಅವಳು ಹೀಗೆಯೇ, ಯಾರಿಗೂ ಹೇಳದೆ ಕೇಳದೆ ನಡೆದಿದ್ದಳು. ಹೆಡ್‌ಫೋನು ತಲೆಯ ಮೇಲಿರುವಂತೆಯೇ ಕಾಲು ತಾನಾಗಿ ಅವಳನ್ನು ಹೊಸ್ತಿಲ ಬಳಿಗೆ ಒಯ್ದಿತು. ಅಲ್ಲಿಂದ ತಿರುಗಿ ನೋಡಿದಳು. ಹಗ್ಗದಣ್ಣ ಕಿರುಬೆರಳನ್ನು ಕಿವಿಗಿಟ್ಟು ಅಲ್ಲಾಡಿಸಿ, ಮತ್ತೆ ಹೊರಗೆ ತೆಗೆದು, ಏನಾದರೂ ವ್ಯತ್ಯಾಸ ಕೇಳಿಸುವುದೋ ಎಂದು ತಲೆ ವಾಲಿಸಿ ನಿಂತಿದ್ದ.

ಅವಳು ಹಿಂದಿರುಗಿದಳು. "ಅವರ ಕಿವಿ ಸರಿಯಾಗೇ ಇದೆ ಮೇಡಂ. ಜಾರಿದ್ದು ನನ್ನ ಬಾಯಿ."

ಮೇಡಂ ಅವಳ ತಲೆಯ ಮೇಲಿನ ಹೆಡ್‌ಫೋನ್ ಕಳಚಿಕೊಂಡರು.

"ಹಾಗಾದ್ರೆ ನಾನು ಹೊರಡ್ಲಾ?"

"ಹೊರಡು ಅಂದೆನಾ? ಮಧ್ಯಾಹ್ನ ಹಗ್ಗ ನಿನ್ನ ಕೈಗೆ. ಹಗ್ಗದಣ್ಣ ಪಕ್ಕದಲ್ಲಿ ನಿಂತು ಹೆಡ್‌ಫೋನಲ್ಲಿ ಕೇಳಿಸ್ಕೊಂಡು ನಿಂಗೆ ಹೇಳ್ಲಿ. ಅಲ್ಲಿ ಮಾತಿನ ಕೆಲಸ ಇಲ್ಲ, ನಿಲ್ಲೋದಷ್ಟೇ. ಅದೂ ಆಗದಿದ್ರೆ ನಾಳೆ ಬರಬೇಡ."

ಪ್ರದರ್ಶನ ಆರಂಭವಾಯಿತು. ಮೊದಲ ಅಂಕದ ಪರದೆ ಹೇಗೋ ಇಳಿದು ಮತ್ತೆ ಏರಿತು. ಎರಡನೆಯ ಅಂಕ ನಲವತ್ತು ನಿಮಿಷ. ಹತ್ತು ನಿಮಿಷಕ್ಕೇ ಪಾದಕ್ಕೆ ಇರುವೆ ಹತ್ತಿದಂತಾಗಿ ಬುಗುರಿ ಕಾಲು ಬದಲಿಸಿದಳು, ಮತ್ತೆ ಬದಲಿಸಿದಳು.

"ನೀನು ಕುಣಿದ್ರೆ ಮೇಲೆ ಪರದೆನೂ ಕುಣಿಯತ್ತೆ, ತಂಗಿ," ಎಂದು ಹಗ್ಗದಣ್ಣ ಪಿಸುಗುಟ್ಟಿದ.

ತಲೆಯೆತ್ತಿದಳು. ನಿಜ, ಪರದೆಯ ಅಂಚು ಅವಳ ಚಡಪಡಿಕೆಯನ್ನೆಲ್ಲ ಊರಿಗೇ ಸಾರುತ್ತಿತ್ತು. ಹಲ್ಲು ಕಚ್ಚಿ ನಿಂತಳು. ಹೊರಗೆ ಓಣಿಯಲ್ಲಿ ವ್ಯಾನು ಹೊರಟ ಸದ್ದಿಗೆ ಮನಸ್ಸು ಅದರ ಹಿಂದೆಯೇ ಓಡಿತು. ಕೈ ಮಾತ್ರ ಹಗ್ಗದ ಮೇಲಿತ್ತು.

"ತಯಾರಂತೆ," ಎಂದ ಹಗ್ಗದಣ್ಣ.

ನಾಯಕಿಯ ಮಾತು ಮುಗಿಯಿತು. 'ಬಿಡು' ಕಿವಿಗೆ ಬಿದ್ದದ್ದೇ ಹಗ್ಗದಣ್ಣ ಅವಳ ಹೆಗಲು ತಟ್ಟಿದ. ಹಗ್ಗ ಅಂಗೈ ಸುಡುತ್ತ ಸರಿಯಿತು, ಪರದೆ ಸದ್ದಿಲ್ಲದೆ ನೆಲ ಮುಟ್ಟಿತು, ಆಚೆ ಚಪ್ಪಾಳೆ.

ದಾಟಿ ಹೋಗುತ್ತಿದ್ದ ಮೇಡಂ ನಿಲ್ಲಲಿಲ್ಲ. "ನಾಳೆ ಹತ್ತಕ್ಕೆ ಬಾ," ಎಂದಷ್ಟೇ ಅಂದರು.

ಬುಗುರಿ ಹಗ್ಗವನ್ನು ಗೂಟಕ್ಕೆ ಸುತ್ತಿ ಪಕ್ಕಕ್ಕೆ ಸರಿದಳು.

"ಎಲ್ಲಿಗೆ ಹೊರಟೆ? ಮೂರನೇ ಅಂಕ ಇದೆ ಇನ್ನೂ."

"ಎಲ್ಲಿಗೂ ಇಲ್ಲಣ್ಣ, ಅಂಗೈ ಬೆವರಿದೆ," ಎಂದು ಅವಳು ಕೈಯನ್ನು ಕುರ್ತಾಕ್ಕೆ ಒರೆಸಿಕೊಂಡು ಮತ್ತೆ ಹಗ್ಗ ಹಿಡಿದಳು.